ಅಮೆರಿಕದ ಮನೆಯಲ್ಲಿ ಇಂಟರ್ನೆಟ್ ಫೋನ್: ಅಪ್ಪ-ಅಮ್ಮ 911 ಒತ್ತಿದರೆ ಕರೆ ಎಲ್ಲಿಗೆ ಹೋಗುತ್ತೆ?

ಜರ್ಸಿಮನೆ ಕೇಳಿದ್ದು:

ನಮಸ್ಕಾರ. ಅಪ್ಪ-ಅಮ್ಮ ಆರು ತಿಂಗಳ ಮಟ್ಟಿಗೆ ಊರಿಂದ ಬರುತ್ತಿದ್ದಾರೆ. ಹಗಲು ಹೊತ್ತು ಮನೆಯಲ್ಲಿ ಅವರಿಬ್ಬರೇ. ಇಬ್ಬರಿಗೂ ವಾಟ್ಸಾಪ್ ಬಿಟ್ಟು ಮೊಬೈಲ್‌ನಲ್ಲಿ ಬೇರೇನೂ ಒಗ್ಗಿಲ್ಲ, ಅದಕ್ಕೇ ಗುಂಡಿ ಇರುವ ಫೋನನ್ನೇ ನೆಚ್ಚಿಕೊಳ್ಳಬೇಕು.

ಈಗ ಇರುವ ವ್ಯವಸ್ಥೆ: ಕೇಬಲ್ ಇಂಟರ್ನೆಟ್, ಮೋಡೆಮ್, ರೂಟರ್, ರೂಟರ್ ಹಿಂದೆ ಒಂದು ಪುಟ್ಟ ವಿಒಐಪಿ (ಇಂಟರ್ನೆಟ್ ಮೂಲಕ ಫೋನ್ ಕರೆ) ಅಡಾಪ್ಟರ್, ಅದಕ್ಕೆ ಮೂರು ಹ್ಯಾಂಡ್‌ಸೆಟ್‌ನ ಕಾರ್ಡ್‌ಲೆಸ್ ಫೋನು. ನಂಬರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾಗ ತೆಗೆದುಕೊಂಡ 408 ಏರಿಯಾ ಕೋಡಿನದ್ದು. ಮನೆ ಈಗ ನ್ಯೂಜರ್ಸಿಯಲ್ಲಿ. ಹೊರಗೆ ಹೋಗುವ ಕರೆಗಳಲ್ಲಿ ನನ್ನ ಮೊಬೈಲ್ ನಂಬರ್ ಕಾಣುವ ಹಾಗೆ ಕಾಲರ್ ಐಡಿ ಬದಲಿಸಿದ್ದೇನೆ.

ಕೇಳಬೇಕಾದ್ದು ಇಷ್ಟು. 408 ನಂಬರ್ ಆದ್ದರಿಂದ ತುರ್ತು ಸೇವೆಯ 911 ಕರೆ ಕ್ಯಾಲಿಫೋರ್ನಿಯಾಕ್ಕೆ ಹೋಗಿಬಿಡುತ್ತದೆಯೇ? ಕರೆಂಟು ಹೋದರೆ ಏನು ಗತಿ? ಇದು ಕೈಕೊಟ್ಟಾಗ ವಾಟ್ಸಾಪ್ ಅಥವಾ ಗೂಗಲ್ ವಾಯ್ಸ್ ನೆರವಿಗೆ ಬರುತ್ತದೆಯೇ? ನಿಜವಾಗಿ 911 ಒತ್ತದೆ ಪರೀಕ್ಷೆ ಮಾಡುವ ದಾರಿ ಇದೆಯೇ?

ತಂತಿಬೀಡು:

ಮೊದಲ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಬಹಳ ಜನ ಎಡವುವುದು ಅಲ್ಲೇ. ವಿಒಐಪಿಯಲ್ಲಿ ಏರಿಯಾ ಕೋಡ್‌ಗೂ 911 ಕರೆ ಸೇರುವ ಜಾಗಕ್ಕೂ ಸಂಬಂಧವಿಲ್ಲ. ಆ ನಂಬರಿನ ಎದುರು ನೀವು ಕಂಪನಿಯ ಜಾಲತಾಣದಲ್ಲಿ ಯಾವ ವಿಳಾಸ ದಾಖಲಿಸಿದ್ದೀರೋ, ಆ ವಿಳಾಸಕ್ಕೆ ಸಂಬಂಧಪಟ್ಟ 911 ಕೇಂದ್ರಕ್ಕೆ ಕರೆ ಹೋಗುತ್ತದೆ. 408 ನಂಬರಿಗೆ ನ್ಯೂಜರ್ಸಿ ವಿಳಾಸ ಹಾಕಿದ್ದರೆ ನ್ಯೂಜರ್ಸಿಗೇ. ಮನೆ ಬದಲಿಸಿ ವಿಳಾಸ ಬದಲಿಸದೆ ಬಿಟ್ಟಿದ್ದರೆ ಆಂಬುಲೆನ್ಸು ಸ್ಯಾನ್ ಹೋಸೆಯ ಹಳೆ ಮನೆ ಬಾಗಿಲಿಗೆ.

ಹೀಗೇಕೆಂದರೆ, ಹಳೆ ತಾಮ್ರದ ಲೈನಿನಲ್ಲಿ ತಂತಿ ಯಾವ ಮನೆಗೆ ಬಂದಿದೆ ಎನ್ನುವುದು ಫೋನ್ ಕಂಪನಿಗೆ ಗೊತ್ತಿತ್ತು, ಅದೇ ವಿಳಾಸ 911 ಕರೆ ಎತ್ತುವ ಡಿಸ್ಪ್ಯಾಚರ್ ಪರದೆಯ ಮೇಲೆ ಮೂಡುತ್ತಿತ್ತು. ನಿಮ್ಮ ಅಡಾಪ್ಟರ್‌ಗೆ ಇರುವುದು ಒಂದು ಯೂಸರ್‌ನೇಮ್, ಒಂದು ಪಾಸ್‌ವರ್ಡ್. ಅದನ್ನು ಬಿಚ್ಚಿ ಟೆಕ್ಸಸ್‌ಗೆ ಒಯ್ದು ಅಲ್ಲಿಯ ರೂಟರ್‌ಗೆ ಸಿಕ್ಕಿಸಿದರೂ ಡಯಲ್ ಟೋನ್ ಬರುತ್ತದೆ. ಐಪಿ ವಿಳಾಸದಿಂದ ಊರು ಅಂದಾಜಾಗಬಹುದು, ಮನೆ ಗೊತ್ತಾಗುವುದಿಲ್ಲ. ಹಾಗಾಗಿಯೇ ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2005ರಲ್ಲಿ ಒಂದು ಆದೇಶ ಹೊರಡಿಸಿತು. ಸಾಮಾನ್ಯ ಫೋನುಗಳಿಗೆ ಕರೆ ಮಾಡಲೂ ಅವುಗಳಿಂದ ಕರೆ ಪಡೆಯಲೂ ಬರುವ ವಿಒಐಪಿ ಸೇವೆ ಕೊಡುವವರು 911 ಕೊಡಲೇಬೇಕು, ಗ್ರಾಹಕರಿಂದ ವಿಳಾಸ ಪಡೆದೇ ಸೇವೆ ಶುರು ಮಾಡಬೇಕು, ಈ ಸೇವೆಯ ಮಿತಿಗಳನ್ನು ತಿಳಿಸಿ ಒಪ್ಪಿಗೆ ಪಡೆಯಬೇಕು ಎಂದು. ನೋಂದಣಿ ಮಾಡುವಾಗ ಓದದೆ ಟಿಕ್ ಹಾಕುವ ಆ ಪುಟ ಇದೇ. ವಿಳಾಸ ಬದಲಾದಾಗ ತಿಳಿಸುವ ಹೊಣೆ ಗ್ರಾಹಕರದ್ದು.

ನಿಮ್ಮ ವ್ಯವಸ್ಥೆಯಲ್ಲಿ ನಿಜವಾದ ಅಪಾಯ ಇರುವುದು 408ರಲ್ಲಿ ಅಲ್ಲ, ಕಾಲರ್ ಐಡಿಯಲ್ಲಿ. 911ಕ್ಕೆ ಕರೆ ಹೊರಟಾಗ ವಿಳಾಸ ಹುಡುಕುವುದು ಕರೆಯ ಜೊತೆ ಹೋಗುವ ನಂಬರಿನಿಂದ. ನೀವು ಕಳಿಸುತ್ತಿರುವುದು ಮೊಬೈಲ್ ನಂಬರು. ಆ ನಂಬರಿಗೆ ನಿಮ್ಮ ವಿಒಐಪಿ ಕಂಪನಿಯ ಬಳಿ ವಿಳಾಸವೇ ಇಲ್ಲ. 911 ಕರೆಗೆ ತಾವಾಗಿಯೇ ನೋಂದಾಯಿತ ನಂಬರು ಹಚ್ಚುವ ಕಂಪನಿಗಳಿವೆ. ಬಂದ ನಂಬರನ್ನೇ ಮುಂದೆ ದಾಟಿಸಿಬಿಡುವವೂ ಇವೆ. ನಿಮ್ಮದು ಯಾವ ಬಗೆಯದು ಎಂದು ತಿಳಿಯಲು 933 ಒತ್ತಿ. ಅಮೆರಿಕದ ಬಹಳಷ್ಟು ವಿಒಐಪಿ ಕಂಪನಿಗಳು ಇದನ್ನು 911 ಪರೀಕ್ಷೆಗೆಂದೇ ಇಟ್ಟಿವೆ. ಒಂದು ಯಂತ್ರದ ದನಿ ಯಾವ ನಂಬರಿಂದ ಕರೆ ಬಂತು, ಆ ನಂಬರಿಗೆ ಯಾವ ವಿಳಾಸ ಇದೆ ಎಂದು ಓದಿ ಹೇಳುತ್ತದೆ. ಮನುಷ್ಯರಾರೂ ಎತ್ತುವುದಿಲ್ಲ. ನಿಮ್ಮ ಕಂಪನಿ 933 ಇಟ್ಟಿಲ್ಲದಿದ್ದರೆ ಅವರ ಸಹಾಯವಾಣಿಗೆ ಬರೆದು ದಾಖಲಾದ ವಿಳಾಸವನ್ನು ಬರಹದಲ್ಲಿ ತರಿಸಿಕೊಳ್ಳಿ. ಪರೀಕ್ಷೆಗೆಂದು 911 ಒತ್ತಲೇಬೇಡಿ.

ವಾಟ್ಸಾಪ್‌ನಿಂದ ತುರ್ತು ಸೇವೆಗೆ ಕರೆ ಸಾಧ್ಯವೇ ಇಲ್ಲ, ಅವರ ನಿಯಮಗಳಲ್ಲೇ ಹಾಗೆಂದಿದೆ. ವೈಯಕ್ತಿಕ ಖಾತೆಯ ಗೂಗಲ್ ವಾಯ್ಸ್‌ನಿಂದಲೂ 911 ಹೋಗುವುದಿಲ್ಲ. ಎರಡನ್ನೂ ಲೆಕ್ಕದಿಂದ ತೆಗೆದುಬಿಡಿ.

ಬ್ಯಾಟರಿಭಟ್ಟ:

ಕರೆಂಟಿನ ವಿಷಯ. ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಮನೆಯಲ್ಲಿ ಕತ್ತಲಿದ್ದರೂ ಫೋನು ಬದುಕಿರುತ್ತಿತ್ತು. ನಿಮ್ಮಲ್ಲಿ ನಾಲ್ಕು ಪೆಟ್ಟಿಗೆಗಳಿಗೆ ಕರೆಂಟು ಬೇಕು: ಮೋಡೆಮ್, ರೂಟರ್, ಅಡಾಪ್ಟರ್, ಜೊತೆಗೆ ಎಲ್ಲರೂ ಮರೆಯುವ ಕಾರ್ಡ್‌ಲೆಸ್ ಬೇಸ್. ಹ್ಯಾಂಡ್‌ಸೆಟ್‌ನಲ್ಲಿ ಬ್ಯಾಟರಿ ಇದೆ ಎಂದು ಜನ ನಿಶ್ಚಿಂತೆಯಿಂದ ಇರುತ್ತಾರೆ. ಬೇಸ್ ಸತ್ತರೆ ಹ್ಯಾಂಡ್‌ಸೆಟ್ ಬರೀ ಆಟಿಕೆ. ಇದಕ್ಕೆ ಅಗ್ಗದ ಪರಿಹಾರ: ಸುರುಳಿ ವೈರಿನ ಸಾದಾ ಫೋನೊಂದನ್ನು ತಂದು ಅಡಾಪ್ಟರ್‌ಗೆ ನೇರ ಸಿಕ್ಕಿಸಿ. ಅದಕ್ಕೆ ಬೇರೆ ಪ್ಲಗ್ ಬೇಡ, ಅಡಾಪ್ಟರ್ ಕೊಡುವ ವೋಲ್ಟೇಜ್ ಸಾಕು. ಡಿಸ್‌ಪ್ಲೇ ಇಲ್ಲದ, ದೊಡ್ಡ ಗುಂಡಿಯದ್ದು ನೋಡಿ ತನ್ನಿ.

ಲೆಕ್ಕ ಹೀಗೆ. ಮೋಡೆಮ್ 10 ವ್ಯಾಟ್, ರೂಟರ್ 10 ವ್ಯಾಟ್, ಅಡಾಪ್ಟರ್ 4-5 ವ್ಯಾಟ್ ಎಂದುಕೊಂಡರೆ ಒಟ್ಟು 25 ವ್ಯಾಟ್. ಅಂಗಡಿಯಲ್ಲಿ ಸಿಗುವ ಸಣ್ಣ ಯುಪಿಎಸ್ಸಿನೊಳಗೆ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ, ಕಾಗದದ ಮೇಲೆ 84 ವ್ಯಾಟ್-ಅವರ್. ಇನ್ವರ್ಟರ್ ನಷ್ಟ ಕಳೆದು ಕೈಗೆ ಸಿಗುವುದು 55-60. ಅಂದರೆ ಎರಡು ಗಂಟೆ ಚಿಲ್ಲರೆ. ಪೂರ್ತಿ ಹಗಲು ಬೇಕೆಂದರೆ 300 ವ್ಯಾಟ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಪವರ್ ಸ್ಟೇಷನ್ ತಗೊಳ್ಳಿ, ಹತ್ತು ಗಂಟೆ ಹತ್ತಿರ ಬರುತ್ತದೆ. ಕೊಳ್ಳುವಾಗ ನೋಡಬೇಕಾದ್ದು ಯುಪಿಎಸ್ ಮೋಡ್. ಅದು ಇಲ್ಲದಿದ್ದರೆ ಕರೆಂಟು ಹೋದ ಕ್ಷಣ ಮೋಡೆಮ್ ರೀಬೂಟ್ ಆಗುತ್ತದೆ, ಅದು ಎದ್ದು ಅಡಾಪ್ಟರ್ ಮತ್ತೆ ನೋಂದಣಿಯಾಗುವಷ್ಟರಲ್ಲಿ ಮೂರು-ನಾಲ್ಕು ನಿಮಿಷ ಹೋಗಿರುತ್ತದೆ. ಎದೆನೋವಿನ ಹೊತ್ತಿನಲ್ಲಿ ಅದು ಸಣ್ಣ ಅವಧಿಯಲ್ಲ. ಸೀಸದ ಬ್ಯಾಟರಿಯ ಯುಪಿಎಸ್ ಆದರೆ ಮೂರು-ನಾಲ್ಕು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಬೇಕು. ಪ್ಲಗ್ ಕಿತ್ತು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಆಗಾಗ ನೋಡಿ.

ಇಷ್ಟೆಲ್ಲ ಮಾಡಿದರೂ ಕೇಬಲ್ ಇಂಟರ್ನೆಟ್‌ನಲ್ಲಿ ಒಂದು ಕೊರತೆ ಉಳಿಯುತ್ತದೆ. ಬೀದಿಯಲ್ಲಿ ಸಿಗ್ನಲ್ ಹಂಚಿ ಬಲಪಡಿಸುವ ನೋಡ್ ಮತ್ತು ಆಂಪ್ಲಿಫೈಯರ್‌ಗಳಿಗೂ ಕರೆಂಟು ಬೇಕು, ಅವುಗಳ ಬ್ಯಾಟರಿ ಕೆಲವೇ ಗಂಟೆ. ಬಡಾವಣೆಗೆಲ್ಲ ಕರೆಂಟು ಹೋದರೆ ನಿಮ್ಮ ಪವರ್ ಸ್ಟೇಷನ್ ತುಂಬಿದ್ದರೂ ಇಂಟರ್ನೆಟ್ ಇರುವುದಿಲ್ಲ. ಮನೆತನಕ ಬರುವ ಫೈಬರ್‌ನಲ್ಲಿ ನಡುದಾರಿಯಲ್ಲಿ ಕರೆಂಟು ಬೇಡುವ ಪೆಟ್ಟಿಗೆ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಅದು ಈ ವಿಷಯದಲ್ಲಿ ಮೇಲು.

ಕರೆಗಂಟೆ:

ತಂತಿಬೀಡು ಹೇಳಿದ್ದಕ್ಕೆ ಒಂದು ಜೋಡಣೆ, ವಿಳಾಸ ಸಿಗದಿದ್ದರೆ ಏನಾಗುತ್ತದೆ ಎಂಬುದು. ಕರೆ ಬಿದ್ದುಹೋಗುವುದಿಲ್ಲ. ದೇಶಕ್ಕೆಲ್ಲ ಸೇರಿಸಿ ನಡೆಸುವ ರಿಲೇ ಕೇಂದ್ರವೊಂದಕ್ಕೆ ಹೋಗುತ್ತದೆ. ಅಲ್ಲಿಯವರು ನೀವು ಎಲ್ಲಿದ್ದೀರಿ ಎಂದು ಬಾಯಲ್ಲಿ ಕೇಳಿ, ಸರಿಯಾದ ಊರಿನ 911 ಕೇಂದ್ರ ಹುಡುಕಿ ಕರೆ ದಾಟಿಸುತ್ತಾರೆ. ಉಸಿರು ಕಟ್ಟಿದವರು ವಿಳಾಸ ಹೇಳಲಾರರು, ಗಾಬರಿಯಲ್ಲಿರುವ ಅಮ್ಮನಿಗೆ ಟೌನ್‌ಶಿಪ್ ಹೆಸರು ನಾಲಿಗೆಗೆ ಬರುವುದಿಲ್ಲ. ಇಂಥ ಪ್ರತಿ ಕರೆಗೆ 75 ಡಾಲರ್ ಅಥವಾ ಮೇಲ್ಪಟ್ಟು ಶುಲ್ಕ ಹಾಕುವ ಕಂಪನಿಗಳೂ ಇವೆ, ಅದು ಬೇರೆ ಮಾತು.

ತಪ್ಪು ವಿಳಾಸ ಇನ್ನೂ ಕೆಟ್ಟದ್ದು. ವಿಳಾಸ ಇಲ್ಲದಿದ್ದರೆ ಕೇಳುವವರು ಎಚ್ಚರವಾಗಿರುತ್ತಾರೆ. ಹಳೆ ವಿಳಾಸ ಪರದೆ ಮೇಲೆ ಬಂದರೆ ಅದನ್ನೇ ನಂಬಬಹುದು. ಕರೆ ಬಂದದ್ದು ದೂರದ ರಾಜ್ಯದಿಂದ ಎಂದು ಗೊತ್ತಾದ ಮೇಲೂ ದಾಟಿಸುವುದು ಒಂದು ಗುಂಡಿಯ ಕೆಲಸವಲ್ಲ. 911 ಕೇಂದ್ರಗಳ ಜಾಲ ಸ್ಥಳೀಯವಾಗಿ ಹೆಣೆದದ್ದು, ಕ್ಯಾಲಿಫೋರ್ನಿಯಾದವರು 911 ಒತ್ತಿದರೆ ಅವರದೇ ಕೇಂದ್ರ ಎತ್ತುತ್ತದೆ. ನ್ಯೂಜರ್ಸಿ ಕೇಂದ್ರದ ಹತ್ತು ಅಂಕಿಯ ನಂಬರು ಹುಡುಕಬೇಕು. ನಿಮ್ಮ ಟೌನ್‌ಶಿಪ್ ಪೊಲೀಸರ ಹತ್ತು ಅಂಕಿಯ ನಂಬರನ್ನು ನೀವೂ ಬರೆದಿಟ್ಟುಕೊಳ್ಳಿ. 911 ದಾರಿ ಕೈಕೊಟ್ಟಾಗ ಅದು ಮಾಮೂಲಿ ಕರೆಯಂತೆ ಹೋಗುತ್ತದೆ.

ವಿಳಾಸ ತುಂಬುವಾಗ ಅಪಾರ್ಟ್‌ಮೆಂಟ್ ನಂಬರನ್ನು ಬೀದಿಯ ಸಾಲಿಗೆ ಅಂಟಿಸದೆ ಅದಕ್ಕೆಂದೇ ಇರುವ ಚೌಕದಲ್ಲಿ ಹಾಕಿ. ಪ್ರತಿ ಕೌಂಟಿಯಲ್ಲೂ ಬೀದಿಗಳ ಅಧಿಕೃತ ಪಟ್ಟಿ ಇರುತ್ತದೆ, ನೀವು ಬರೆದದ್ದು ಅದಕ್ಕೆ ಹೊಂದಬೇಕು. ಅಂಚೆಯಣ್ಣನಿಗೆ ಅರ್ಥವಾಗುವ ವಿಳಾಸವೆಲ್ಲ ಈ ಪಟ್ಟಿಗೆ ಹೊಂದುತ್ತದೆ ಎಂದಿಲ್ಲ. ಅಂಚೆಯಲ್ಲಿ ಒಂದು ಊರಿನ ಹೆಸರು, ಆಡಳಿತದಲ್ಲಿ ಪಕ್ಕದ ಟೌನ್‌ಶಿಪ್ ಹೆಸರು ಎನ್ನುವುದು ನ್ಯೂಜರ್ಸಿಯಲ್ಲಿ ಮಾಮೂಲು. ತಿರಸ್ಕಾರವಾದರೆ ಟೌನ್‌ಶಿಪ್ ಹೆಸರು ಹಾಕಿ ನೋಡಿ. ಪೋಸ್ಟ್ ಬಾಕ್ಸ್ ನಡೆಯುವುದಿಲ್ಲ.

ಜರ್ಸಿಮನೆ:

933 ಒತ್ತಿದೆ. ಅದು ಓದಿದ್ದು ನನ್ನ ಮೊಬೈಲ್ ನಂಬರು, ವಿಳಾಸ ದಾಖಲಾಗಿಲ್ಲ ಎಂದಿತು. ಜಾಲತಾಣದಲ್ಲಿ 408 ನಂಬರಿನ ಎದುರು ನ್ಯೂಜರ್ಸಿ ವಿಳಾಸ ಸರಿಯಾಗೇ ಇದೆ! ಇನ್ನೊಂದು: ಒತ್ತಿದ ಮೇಲೆ ಸುಮಾರು ಹೊತ್ತು ಮೌನ, ಆಮೇಲೆ ರಿಂಗಾಯಿತು. ಅದು ಸಹಜವೇ? ಅಪ್ಪನಿಗೆ ಕೊರಳಿಗೆ ಹಾಕುವ ಎಮರ್ಜೆನ್ಸಿ ಬಟನ್ ಕೂಡ ಇದೇ ಲೈನಿಗೆ ಜೋಡಿಸುವ ಯೋಚನೆ ಇದೆ.

ತಂತಿಬೀಡು:

ಕಾಲರ್ ಐಡಿಯನ್ನು 408 ನಂಬರಿಗೇ ಹಿಂದಿರುಗಿಸಿ. ನಿಮ್ಮ ಕಂಪನಿಯ ಪುಟದಲ್ಲಿ ತುರ್ತು ಕರೆಗೆ ಪ್ರತ್ಯೇಕ ಕಾಲರ್ ಐಡಿ ಆಯ್ಕೆ ಇದ್ದರೆ ಅದರಲ್ಲಿ 408 ಹಾಕಿ ಉಳಿದದ್ದನ್ನು ಹಾಗೇ ಬಿಡಬಹುದು. ಅಡಾಪ್ಟರ್‌ನ ಒಳಪುಟದಲ್ಲೂ ಕಾಲರ್ ಐಡಿ ಬರೆದಿದ್ದೀರಾ ನೋಡಿ, ಎರಡು ಕಡೆ ಬರೆದಿದ್ದರೆ ಒಂದು ಇನ್ನೊಂದನ್ನು ಮೀರುತ್ತದೆ. ಬದಲಿಸಿದ ಮೇಲೆ ಮತ್ತೆ 933. ವಿಳಾಸವನ್ನೇ ತಿದ್ದಿದ್ದರೆ ಅದು ದತ್ತಾಂಶದಲ್ಲಿ ಕೂರಲು ಹೊತ್ತು ಹಿಡಿಯಬಹುದು, ಮಾರನೆಯ ದಿನ ಇನ್ನೊಮ್ಮೆ ಒತ್ತಿ. ಮೂರೂ ಹ್ಯಾಂಡ್‌ಸೆಟ್ ಒಂದೇ ಬೇಸಿನವಾದ್ದರಿಂದ ಒಂದರಿಂದ ಪರೀಕ್ಷಿಸಿದರೆ ಸಾಕು. ಅದೇ ಖಾತೆಯನ್ನು ಲ್ಯಾಪ್‌ಟಾಪ್ ಅಥವಾ ಮೊಬೈಲ್ ಆ್ಯಪ್‌ನಲ್ಲೂ ಹಾಕಿಕೊಂಡಿದ್ದರೆ ಅದರಿಂದಲೂ ಒತ್ತಿ ನೋಡಿ. ಆ ಆ್ಯಪ್ ಹಿಡಿದು ನಯಾಗರಕ್ಕೆ ಹೋದರೂ ಅದು ಹೇಳುವುದು ಮನೆ ವಿಳಾಸವನ್ನೇ, ಪ್ರಯಾಣದಲ್ಲಿ ಅದರಿಂದ 911 ಒತ್ತಬೇಡಿ.

ಮೌನಕ್ಕೆ ಕಾರಣ ಡಯಲ್ ಪ್ಲಾನ್, ಅಂದರೆ ಯಾವ ಅಂಕಿಗಳು ಬಂದರೆ ಕರೆ ಹೊರಡಿಸಬೇಕು ಎಂದು ಅಡಾಪ್ಟರ್‌ನಲ್ಲಿ ಬರೆದಿರುವ ನಿಯಮ. ಹತ್ತಂಕಿಯ ಸಾಲು ಮಾತ್ರ ಅದರಲ್ಲಿದ್ದರೆ ಮೂರು ಅಂಕಿ ಬಂದಾಗ ಇನ್ನೂ ಅಂಕಿ ಬರಬಹುದೆಂದು ಅಡಾಪ್ಟರ್ ಕಾಯುತ್ತದೆ, ಕೆಲವು ಮಾದರಿಗಳಲ್ಲಿ ಹತ್ತು ಸೆಕೆಂಡ್‌ವರೆಗೆ. ಡಯಲ್ ಪ್ಲಾನ್ ಸಾಲಿನ ಮೊದಲಲ್ಲೇ 911 ಮತ್ತು 933 ಎರಡನ್ನೂ ಕಾಯುವ ಅವಧಿ ಸೊನ್ನೆ ಎಂದು ಸೇರಿಸಿ. ಹಾಗೆ ಸೇರಿಸಿದಾಗ ನಮ್ಮವರಿಗೆ ಒಂದು ಪಕ್ಕದ ಕಾಟ: ದಿಲ್ಲಿಗೆ ಕರೆ ಮಾಡುವಾಗ, ಇಲ್ಲಿಂದ ಹೊರದೇಶಕ್ಕೆ ಕರೆಯಲು ಮೊದಲು ಒತ್ತಬೇಕಾದ 011 ಮರೆತು 91-11 ಎಂದು ಒತ್ತಿದರೆ ಮೂರನೆಯ ಅಂಕಿಗೇ ಕರೆ 911ಕ್ಕೆ ಹಾರುತ್ತದೆ. ಬೆಂಗಳೂರಿನ 91-80ಕ್ಕೆ ಆ ತೊಂದರೆ ಇಲ್ಲ. ಹೊರ ಲೈನಿಗೆ 9 ಒತ್ತುವ ಆಫೀಸುಗಳಲ್ಲಿ 9-011-91 ಎನ್ನುವಾಗ ಸೊನ್ನೆ ಸರಿಯಾಗಿ ಬೀಳದಿದ್ದರೂ ಇದೇ ಕಥೆ. ತಪ್ಪಿ 911ಕ್ಕೆ ಕರೆ ಹೋದರೆ ಫೋನ್ ಇಡಬೇಡಿ. ಎತ್ತಿದವರಿಗೆ ತಪ್ಪಿ ಒತ್ತಿದೆ, ಎಲ್ಲ ಕ್ಷೇಮ ಎಂದು ಹೇಳಿಯೇ ಇಡಿ. ಸುಮ್ಮನೆ ಇಟ್ಟರೆ ಅವರು ತಿರುಗಿ ಕರೆಯುತ್ತಾರೆ, ಉತ್ತರವಿಲ್ಲದಿದ್ದರೆ ಬಾಗಿಲಿಗೆ ಪೊಲೀಸರು ಬರಬಹುದು.

ಆಫೀಸಿನ ಪ್ರಸ್ತಾಪ ಬಂದದ್ದರಿಂದ: 2013ರ ಡಿಸೆಂಬರ್‌ನಲ್ಲಿ ಟೆಕ್ಸಸ್‌ನ ಮಾರ್ಷಲ್ ಊರಿನ ಮೋಟೆಲ್‌ನಲ್ಲಿ ಕ್ಯಾರಿ ಹಂಟ್ ಕೊಲೆಯಾದಾಗ ಅವರ ಒಂಬತ್ತು ವರ್ಷದ ಮಗಳು ನಾಲ್ಕು ಸಲ 911 ಒತ್ತಿದ್ದಳು. ಮೊದಲು 9 ಒತ್ತಬೇಕೆಂದು ಅವಳಿಗೆ ಗೊತ್ತಿರಲಿಲ್ಲ, ಕರೆ ಹೋಗಲೇ ಇಲ್ಲ. 2018ರ ಕ್ಯಾರೀಸ್ ಲಾ ಎಂಬ ಕಾನೂನು ಬಂದದ್ದು ಇದರಿಂದ. 2020ರ ಫೆಬ್ರವರಿ 16ರ ನಂತರ ತಯಾರಾದ, ಮಾರಿದ ಅಥವಾ ಅಳವಡಿಸಿದ ಬಹುಲೈನ್ ವ್ಯವಸ್ಥೆಗಳಲ್ಲಿ (ಆಫೀಸು, ಹೋಟೆಲುಗಳಲ್ಲಿ ಹಲವು ಫೋನುಗಳನ್ನು ಜೋಡಿಸಿದಂಥವು) 911 ನೇರ ಹೋಗಬೇಕು. ಹಳೆ ಉಪಕರಣ ಇರುವ ಕಡೆ ಈಗಲೂ 9-911 ಬೇಕಾಗಬಹುದು. ಅಪ್ಪ-ಅಮ್ಮನ ಜೊತೆ ಮೋಟೆಲ್‌ನಲ್ಲಿ ಉಳಿದಾಗ ಫೋನಿನ ಮೇಲಿನ ಚೀಟಿ ಓದಿ.

ಕೊರಳ ಬಟನ್ ಈ ಲೈನಿಗೆ ಬೇಡ. ಲ್ಯಾಂಡ್‌ಲೈನಿಗೆ ಮಾಡಿದ ಹಳೆ ಮಾದರಿಗಳು ಮೋಡೆಮ್‌ನಂತೆ ಸ್ವರಗಳಲ್ಲಿ ಮಾಹಿತಿ ಕಳಿಸುತ್ತವೆ. ವಿಒಐಪಿ ಮಾತಿಗೆಂದು ಧ್ವನಿ ಹಿಂಡುವಾಗ, ನಡುವೆ ಒಂದೆರಡು ಪ್ಯಾಕೆಟ್ ಬಿದ್ದಾಗ ಆ ಸ್ವರ ಕೆಡುತ್ತದೆ. ನಮ್ಮ ಕಿವಿಗೆ ತಿಳಿಯದಷ್ಟು ಸಣ್ಣ ಕಡಿತವೂ ಆ ಯಂತ್ರಕ್ಕೆ ಸಾಕು. ಮೊಬೈಲ್ ಜಾಲದ ಸಿಮ್ ಒಳಗೇ ಇರುವ ಮಾದರಿ ತಗೊಳ್ಳಿ. ಹಳೆಯದನ್ನೇ ಬಳಸಬೇಕಾಗಿ ಬಂದರೆ ಅಡಾಪ್ಟರ್‌ನಲ್ಲಿ ಕೋಡೆಕ್ (ಧ್ವನಿಯನ್ನು ಅಂಕಿಗಳಾಗಿ ಬದಲಿಸುವ ವಿಧಾನ) ಜಿ.711 ಮ್ಯೂ-ಲಾ ಒಂದನ್ನೇ ಇಡಿ, ಮೌನದ ಹೊತ್ತಿನಲ್ಲಿ ಧ್ವನಿ ಕಳಿಸುವುದನ್ನು ನಿಲ್ಲಿಸುವ ಸೈಲೆನ್ಸ್ ಸಪ್ರೆಷನ್ ಆಫ್ ಮಾಡಿ, ತಿಂಗಳಿಗೊಮ್ಮೆ ಬಟನ್ ಒತ್ತಿ ಕಂಪನಿಗೆ ಸಂದೇಶ ಸರಿಯಾಗಿ ತಲುಪಿತೇ ಎಂದು ಕೇಳಿ. ಜಿ.711ಕ್ಕೆ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 87 ಕಿಲೋಬಿಟ್ ಬೇಕು. ಅಷ್ಟು ಎಲ್ಲರ ಬಳಿಯೂ ಇರುತ್ತದೆ. ಕೇಬಲ್‌ನಲ್ಲಿ ಅಪ್‌ಲೋಡ್ ಕಿರಿದು, ನಿಮ್ಮ ಫೋನು ಫೋಟೋ ಬ್ಯಾಕಪ್ ಮಾಡುವಾಗ ಅದು ತುಂಬಿಹೋಗಿ ಮಾತು ತುಂಡಾಗುತ್ತದೆ. ರೂಟರ್‌ನಲ್ಲಿ ಅಡಾಪ್ಟರ್‌ಗೆ ಮೊದಲ ಆದ್ಯತೆ ಕೊಡಿ, ಇಂಟರ್ನೆಟ್ ಕರೆಯ ಪ್ಯಾಕೆಟ್‌ಗಳನ್ನು ನಡುವೆ ತಿದ್ದುವ ಸಿಪ್ ಎಎಲ್‌ಜಿ ಎಂಬ ಆಯ್ಕೆ ಇದ್ದರೆ ಆಫ್ ಮಾಡಿ.

ಕರೆಗಂಟೆ:

ಇಷ್ಟೆಲ್ಲ ಸರಿ ಮಾಡಿದ ಮೇಲೂ ನನ್ನ ಸಲಹೆ: ವಿಒಐಪಿ ಎರಡನೆಯ ದಾರಿಯಾಗಿರಲಿ, ಮೊದಲನೆಯದು ಮೊಬೈಲ್. ಮೊಬೈಲ್‌ನಿಂದ 911 ಒತ್ತಿದರೆ ಫೋನೇ ಜಿಪಿಎಸ್, ವೈಫೈ ಎಲ್ಲ ಸೇರಿಸಿ ತಾನಿರುವ ಜಾಗ ಲೆಕ್ಕ ಹಾಕಿ ಕಳಿಸುತ್ತದೆ, ಯಾರೋ ಎಂದೋ ತುಂಬಿದ ವಿಳಾಸವನ್ನಲ್ಲ. ಅಗ್ಗದ ಪ್ರೀಪೇಯ್ಡ್ ಸಿಮ್ ಹಾಕಿದ ಗುಂಡಿ ಫೋನು ಸಾಕು.

ಸಿಮ್ ಇಲ್ಲದ ಹಳೆ ಮೊಬೈಲ್‌ನಿಂದಲೂ 911 ಹೋಗುತ್ತದೆ, ಅದನ್ನೇ ಡ್ರಾಯರಲ್ಲಿ ಇಡುತ್ತೇನೆ ಎನ್ನುವವರಿದ್ದಾರೆ. ಹೋಗುತ್ತದೆ ನಿಜ. ಆದರೆ ಕರೆ ಕಡಿದರೆ ಕೇಂದ್ರದವರಿಗೆ ತಿರುಗಿ ಕರೆಯಲು ನಂಬರೇ ಇರುವುದಿಲ್ಲ, ಪರದೆಯಲ್ಲಿ 911ರಿಂದ ಶುರುವಾಗುವ ಒಂದು ಸುಳ್ಳು ನಂಬರು ಕಾಣುತ್ತದೆ ಅಷ್ಟೆ. 2022ರಲ್ಲಿ ಇಲ್ಲಿಯ ದೊಡ್ಡ ಕಂಪನಿಗಳು 3ಜಿ ಮುಚ್ಚಿದ್ದರಿಂದ ಹಳೆ 3ಜಿ ಫೋನುಗಳು ಲೆಕ್ಕಕ್ಕಿಲ್ಲ. ಊರಿಂದ ತಂದ ಫೋನಿಗೆ ಇಲ್ಲಿಯ ಸಿಮ್ ಹಾಕಿದರೆ ಇಂಟರ್ನೆಟ್ ಓಡಿದ ಮಾತ್ರಕ್ಕೆ ಸಾಲದು, ವೈಫೈ ಆಫ್ ಮಾಡಿ ಒಂದು ಮಾಮೂಲಿ ಕರೆ ಹೋಗುತ್ತದೆಯೇ ನೋಡಿ. ಅಪ್ಪನ ಇಂಡಿಯಾ ಸಿಮ್ ರೋಮಿಂಗ್‌ನಲ್ಲಿದ್ದರೂ 911 ಒತ್ತಬಹುದು, ತಿರುಗಿ ಕರೆಯಲು ನಿಮ್ಮ ಅಮೆರಿಕದ ನಂಬರನ್ನು ಬಾಯಲ್ಲಿ ಹೇಳಬೇಕು.

ವೈಫೈ ಕಾಲಿಂಗ್ ಆನ್ ಮಾಡುವಾಗಲೂ ಫೋನು ತುರ್ತು ವಿಳಾಸ ಕೇಳುತ್ತದೆ. 911ಕ್ಕೆ ಫೋನು ಮೊದಲು ಮೊಬೈಲ್ ಜಾಲವನ್ನೇ ಹುಡುಕುತ್ತದೆ. ಬೇಸ್‌ಮೆಂಟಿನಲ್ಲಿ ಸಿಗ್ನಲ್ ಇಲ್ಲದಾಗ ಮಾತ್ರ ವೈಫೈ ಹಿಡಿಯುತ್ತದೆ, ಆಗ ಆ ವಿಳಾಸಕ್ಕೆ ಬೆಲೆ. ಅದನ್ನೂ ತಿದ್ದಿ.

ಭಾಷೆಯ ಮಾತು. 911 ಕೇಂದ್ರಗಳು ಫೋನಿನಲ್ಲೇ ದುಭಾಷಿಗಳನ್ನು ಸೇರಿಸಿಕೊಳ್ಳುತ್ತವೆ. ಅಮ್ಮನಿಗೆ "ಕನ್ನಡ, ಇಂಡಿಯಾ" ಎಂದು ಹೇಳಲು ಕಲಿಸಿ, ಇಲ್ಲದಿದ್ದರೆ ಹಿಂದಿಯವರನ್ನು ಕರೆಸಿಯಾರು. ದುಭಾಷಿ ಬರಲು ಸಮಯ ಹಿಡಿಯುತ್ತದೆ, ಆದ್ದರಿಂದ ವಿಳಾಸ ಮೊದಲು. ಫೋನಿನ ಪಕ್ಕದ ಗೋಡೆಗೆ ದೊಡ್ಡ ಕನ್ನಡ ಅಕ್ಷರದಲ್ಲಿ ಇಂಗ್ಲಿಷ್ ಉಚ್ಚಾರಣೆ ಬರೆದು ಅಂಟಿಸಿ: ಮನೆ ನಂಬರು ಒಂದೊಂದೇ ಅಂಕಿಯಾಗಿ, ಬೀದಿ, ಟೌನ್‌ಶಿಪ್, ಆಮೇಲೆ "ಆಂಬುಲೆನ್ಸ್", "ಚೆಸ್ಟ್ ಪೇನ್", "ಫೆಲ್ ಡೌನ್", "ನಾಟ್ ಬ್ರೀದಿಂಗ್".

ಮೂಲೆಮನೆ ಮೈಸೂರು:

ಇದರ ತಿರುಗುಮುರುಗು ಸಮಸ್ಯೆಯೂ ಇದೆ, ಅಪ್ಪ-ಅಮ್ಮ ಊರಿನಲ್ಲಿ, ಮಕ್ಕಳು ಅಲ್ಲಿ. ವಾಟ್ಸಾಪ್ ವಿಡಿಯೋದಲ್ಲಿ ಮಾತಾಡುತ್ತಿರುವಾಗಲೇ ಅಪ್ಪ ಕುಸಿದರು ಎಂದುಕೊಳ್ಳಿ. ನೀವು ಅಲ್ಲಿಂದ 911 ಒತ್ತಿದರೆ ಅವರು ಮೈಸೂರಿಗೆ ಆಂಬುಲೆನ್ಸ್ ಕಳಿಸಲಾರರು. 011-91 ಹಚ್ಚಿ 112 ಅಥವಾ 108 ಒತ್ತಿದರೂ ಪ್ರಯೋಜನವಿಲ್ಲ, ಈ ಕಿರು ಸಂಖ್ಯೆಗಳು ದೇಶದೊಳಗಿನ ಜಾಲಕ್ಕೆ ಮಾತ್ರ. ಬೇಕಾದದ್ದು ಪೂರ್ತಿ ಹತ್ತಂಕಿಯ ನಂಬರುಗಳು: ಬಡಾವಣೆಯ ಪೊಲೀಸ್ ಠಾಣೆಯ ಸ್ಥಿರ ದೂರವಾಣಿ, ಹತ್ತಿರದ ಆಸ್ಪತ್ರೆಯ ಸ್ವಂತ ಆಂಬುಲೆನ್ಸ್ ನಂಬರು, ಬೀಗದ ಕೈ ಇರುವ ನೆರೆಯವರ ಮೊಬೈಲ್. ಎಸ್‌ಟಿಡಿ ಕೋಡಿನ ಮೊದಲ ಸೊನ್ನೆ ಬಿಡಬೇಕು. ಮೈಸೂರಾದರೆ 011-91-821, ಶಿವಮೊಗ್ಗವಾದರೆ 011-91-8182, ಆಮೇಲೆ ನಂಬರು. ವಾಸ್ತವದಲ್ಲಿ ಎಲ್ಲಕ್ಕಿಂತ ಬೇಗ ಆಗುವುದು ನೆರೆಯವರಿಗೆ ಹೇಳಿ ಅವರಿಂದಲೇ 108 ಒತ್ತಿಸುವುದು. ಅವರು ಸ್ಥಳದಲ್ಲಿರುತ್ತಾರೆ, ಗುರುತು ಹೇಳುತ್ತಾರೆ, ಗೇಟಿಗೆ ಬಂದು ನಿಲ್ಲುತ್ತಾರೆ.

ಅಮೆರಿಕದ ಸಿಮ್ ಹಾಕಿಕೊಂಡು ಊರಿಗೆ ಬಂದವರು ಮನೆಯ ವೈಫೈ ಕಾಲಿಂಗ್ ನಂಬಿ 911 ಒತ್ತಬೇಡಿ, ಅದರೊಳಗೆ ಕುಳಿತಿರುವುದು ಅಮೆರಿಕದ ವಿಳಾಸ. ಇಲ್ಲಿಯ ಸಿಮ್ ಇರುವ ಯಾವುದಾದರೂ ಫೋನಿಂದ 112. ಮತ್ತು ಬ್ಯಾಟರಿಭಟ್ಟರ ಮಾತು ಇಲ್ಲಿಗೂ ಅನ್ವಯ: ಫೈಬರ್ ಜೊತೆ ಕೊಡುವ ಲ್ಯಾಂಡ್‌ಲೈನ್ ಹಳೆ ಟೆಲಿಫೋನಿನಂತೆ ಕಂಡರೂ ಕರೆಂಟಿಲ್ಲದೆ ಬದುಕುವುದಿಲ್ಲ. ಮನೆಗೆ ಇನ್ವರ್ಟರ್ ಇದ್ದರೂ ಫೈಬರ್ ಡಬ್ಬಿ ಸಿಕ್ಕಿಸಿರುವ ಪ್ಲಗ್ಗಿಗೆ ಇನ್ವರ್ಟರ್ ಲೈನ್ ಬಂದಿದೆಯೇ ಎಂದು ಮೇನ್ ಆಫ್ ಮಾಡಿ ನೋಡಿ. ಟಿವಿ ಹಿಂದಿನ ಪಾಯಿಂಟಿಗೆ ಎಷ್ಟೋ ಮನೆಗಳಲ್ಲಿ ಬಂದಿರುವುದಿಲ್ಲ.

ಜರ್ಸಿಮನೆ:

ಕಾಲರ್ ಐಡಿ 408ಕ್ಕೆ ಬದಲಿಸಿ, ಡಯಲ್ ಪ್ಲಾನ್‌ನಲ್ಲಿ ಎರಡೂ ಸೇರಿಸಿದೆ. 933 ಈಗ ತಕ್ಷಣ ಎತ್ತುತ್ತದೆ, ನಂಬರು ಸರಿ, ಬೀದಿ ಸರಿ, ಅಪಾರ್ಟ್‌ಮೆಂಟ್ ನಂಬರು ಮಾತ್ರ ಓದಲಿಲ್ಲ.

ಕರೆಗಂಟೆ:

ಹಾಗಾದರೆ ಅದು ಬೀದಿಯ ಸಾಲಿನಲ್ಲೇ ಸೇರಿಕೊಂಡು ಉದುರಿರಬೇಕು. ವಿಳಾಸ ಅಳಿಸಿ ಯೂನಿಟ್ ಚೌಕದಲ್ಲಿ ಬರೀ ಅಂಕಿ-ಅಕ್ಷರ ಹಾಕಿ ಮತ್ತೆ ಉಳಿಸಿ. "ಅಪಾರ್ಟ್‌ಮೆಂಟ್" ಎಂಬ ಪದ, ಹ್ಯಾಷ್ ಗುರುತು ಬೇಡ. ನಾಳೆ ಇನ್ನೊಮ್ಮೆ 933. ಅಷ್ಟಾದರೂ ಓದದಿದ್ದರೆ ಸಹಾಯವಾಣಿಗೆ ಬರೆಯಿರಿ, ಗೋಡೆಯ ಚೀಟಿಯಲ್ಲಿ ಅಪಾರ್ಟ್‌ಮೆಂಟ್ ನಂಬರನ್ನು ಮೊದಲ ಸಾಲಿಗೆ ತನ್ನಿ.